ಸುರಿಯುವುದು ಬೇರೆ, ನೆನೆಸುವುದು ಬೇರೆ: ಗಡಸು ನೀರು ಮತ್ತು ಮನೆಯ ಬಚ್ಚಲ ಕೊಳವೆ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಯಲ್ಲಿ ಸೇರಿಸಿದೆ.)

ಮೇಜಿನ ಮೇಲೆ ಒಂದು ಪೈಪಿನ ತುಂಡು ಇಟ್ಟಿದ್ದೇನೆ. ನಾನು ಮಾತನಾಡುತ್ತಿರುವಾಗಲೇ ಅದು ಕೈಯಿಂದ ಕೈಗೆ ದಾಟಲಿ. ಕೈ ತೊಳೆಯುವ ಬೇಸಿನ್ನಿನ ಕೆಳಗಿದ್ದ ಪಿವಿಸಿ ಕೊಳವೆ ಅದು, ಒಳ ಅಳತೆ 40 ಮಿಲಿಮೀಟರ್. ಗರಗಸದಿಂದ ಅಡ್ಡಡ್ಡ ಕೊಯ್ದಿದೆ. ಹೊರಗಿನಿಂದ ನೋಡಿದರೆ ಯಾವ ದೋಷವೂ ಕಾಣುವುದಿಲ್ಲ. ಕೊಯ್ದ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿ. ಒಳಗೋಡೆಯ ಸುತ್ತಲೂ ಸುಮಾರು 3 ಮಿಲಿಮೀಟರ್ ದಪ್ಪದ ಹೊದಿಕೆ ಕಟ್ಟಿಕೊಂಡಿದೆ. ಅದು ಒಂದೇ ಬಣ್ಣದ್ದಲ್ಲ: ಒಂದು ಬಿಳಿ ಗೆರೆ, ಅದರ ಮೇಲೆ ಕಂದು ಗೆರೆ, ಮತ್ತೆ ಬಿಳಿ. ಉಗುರಿನಿಂದ ಕೆರೆದರೆ ಕಂದು ಭಾಗ ಮೇಣದ ಹಾಗೆ ಎದ್ದು ಬರುತ್ತದೆ. ಬಿಳಿ ಭಾಗಕ್ಕೆ ಉಗುರು ಏನೂ ಮಾಡಲಾರದು.

ಇದನ್ನೆಲ್ಲ ಒಟ್ಟಾಗಿ ‘ಸುಣ್ಣ ಕಟ್ಟಿದೆ’ ಎಂದುಬಿಡುತ್ತೇವೆ. ಬಿಳಿ ಗೆರೆಯ ಮಟ್ಟಿಗೆ ಅದು ನಿಜ. ಕಂದು ಗೆರೆ ಬೇರೆಯೇ ಒಂದು ವಸ್ತು. ಆದರೆ ನೀರಿನಲ್ಲಿ ಸುಣ್ಣವಿಲ್ಲದಿದ್ದರೆ ಅದೂ ಹುಟ್ಟುತ್ತಿರಲಿಲ್ಲ. ಕೊಳವೆ ಕಟ್ಟಿದಾಗ ಅಂಗಡಿಯಿಂದ ತಂದು ಸುರಿಯುವ ಪುಡಿ, ದ್ರಾವಣಗಳಲ್ಲಿ ಮುಕ್ಕಾಲು ಪಾಲು ವ್ಯರ್ಥವಾಗುವುದು ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದ. ಉಳಿದದ್ದು ವ್ಯರ್ಥವಾಗುವುದಕ್ಕೆ ಬೇರೆ ಕಾರಣವಿದೆ. ಅದು ಬರಿಯ ಲೆಕ್ಕದ ವಿಷಯ, ಅದಕ್ಕೂ ಬರುತ್ತೇನೆ.

ಮೊದಲು ಬಿಳಿ ಗೆರೆ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕೆಳಗಿಳಿಯುತ್ತದೆ. ಅಷ್ಟರಲ್ಲಿ ಅದು ತೀರ ದುರ್ಬಲವಾದ ಒಂದು ಆಮ್ಲವಾಗಿರುತ್ತದೆ. ದಾರಿಯಲ್ಲಿ ಸುಣ್ಣಕಲ್ಲು ಸಿಕ್ಕಿದರೆ ಅದನ್ನು ನಿಧಾನವಾಗಿ ಕರಗಿಸುತ್ತದೆ. ಶುದ್ಧ ನೀರಿನಲ್ಲಿ ಬಹುಮಟ್ಟಿಗೆ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಈ ನೀರಿನಲ್ಲಿ ಬೈಕಾರ್ಬೊನೇಟಿನ ರೂಪ ತಾಳಿ, ಕಣ್ಣಿಗೆ ಕಾಣದಂತೆ ನಮ್ಮ ನಲ್ಲಿಯವರೆಗೆ ಬರುತ್ತದೆ. ಜೊತೆಗೆ ಒಂದಿಷ್ಟು ಮೆಗ್ನೀಸಿಯಮ್ ಕೂಡ ಬರುತ್ತದೆ. ಗಡಸು ನೀರು ಎಂದರೆ ಇಷ್ಟೇ. ಆದರೆ ಈ ಕರಗುವಿಕೆ ಶಾಶ್ವತವಾದದ್ದಲ್ಲ. ನೀರಿನಿಂದ ಆ ಅನಿಲ ಹೊರಗೆ ಹೋದರೆ ಕರಗಿದ್ದ ಕಲ್ಲು ಮತ್ತೆ ಕಲ್ಲಾಗುತ್ತದೆ. ನೀರನ್ನು ಕಾಯಿಸಿದರೆ ಅನಿಲ ಹೋಗುತ್ತದೆ. ತೆಳುವಾಗಿ ಹರಡಿ ಗಾಳಿಗೆ ಒಡ್ಡಿದರೂ ಹೋಗುತ್ತದೆ. ಇನ್ನು ನೀರಿಗೆ ಕ್ಷಾರ ಬೆರೆತರೆ, ಅಂದರೆ ಸೋಡಾ, ಬಟ್ಟೆ ಪುಡಿಯಂಥವು ಸೇರಿದರೆ, ಸುಣ್ಣ ಇನ್ನೂ ಬೇಗ ಹೊರಬೀಳುತ್ತದೆ. ಸಕ್ಕರೆ ಬಿಸಿ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ ಎಂಬ ಅನುಭವವನ್ನು ಇಲ್ಲಿಗೆ ತರಬೇಡಿ. ನೀರು ಬಿಸಿಯಾದಷ್ಟೂ ಸುಣ್ಣ ಕಡಿಮೆ ಕರಗುತ್ತದೆ.

ಕಾಯಿಸದ ನೀರಿನಲ್ಲಿ, ಅದೂ ಹರಿದುಹೋಗುವ ನೀರಿನಲ್ಲಿ, ಇಷ್ಟೊಂದು ಸುಣ್ಣ ಕಟ್ಟುವುದುಂಟೇ ಎಂದು ಕೆಲವರು ಕೇಳುತ್ತಾರೆ. ರೋಮನ್ನರು ಕ್ರಿ.ಶ. 80ರ ಸುಮಾರಿಗೆ ಐಫೆಲ್ ಬೆಟ್ಟಸಾಲಿನ ಚಿಲುಮೆಗಳಿಂದ ಈಗಿನ ಜರ್ಮನಿಯ ಕಲೋನ್ ನಗರಕ್ಕೆ ಸುಮಾರು 95 ಕಿಲೋಮೀಟರ್ ಉದ್ದದ ಕಾಲುವೆ ಕಟ್ಟಿದರು. ಬಹುಪಾಲು ನೆಲದಡಿಯಲ್ಲೇ ಸಾಗುತ್ತಿದ್ದ ತಣ್ಣನೆಯ ನೀರು ಅದು. ಕಾಲುವೆ ಬಳಕೆಯಲ್ಲಿದ್ದ ಕಾಲದಲ್ಲಿ ಅದರ ಗೋಡೆಗಳ ಮೇಲೆ ಕೆಲವೆಡೆ ಗೇಣು ದಪ್ಪದ ಸುಣ್ಣ ಬೆಳೆಯಿತು. ಮಧ್ಯಯುಗದ ಶಿಲ್ಪಿಗಳು ಅದನ್ನು ಕಿತ್ತು, ಕೆತ್ತಿ, ಹೊಳಪು ಕೊಟ್ಟು, ಅಮೃತಶಿಲೆಯ ಬದಲಿಗೆ ಚರ್ಚುಗಳ ಕಂಬಗಳಿಗೂ ಹಾಸುಗಲ್ಲುಗಳಿಗೂ ಬಳಸಿದರು. ನಮ್ಮ ಕೊಳವೆಯ ಸುಣ್ಣದಿಂದ ಚರ್ಚು ಕಟ್ಟುವಷ್ಟು ಕಾಲ ನಾವು ಕಾಯುವುದಿಲ್ಲ ಅನ್ನುವುದಷ್ಟೇ ವ್ಯತ್ಯಾಸ.

ಗಡಸುತನವನ್ನು ಒಂದು ಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ ಎಂದು ಹೇಳುವುದು ರೂಢಿ. 60ರವರೆಗೆ ಮೆದು ನೀರು, 120ರವರೆಗೆ ಸಾಧಾರಣ ಗಡಸು, 180ರವರೆಗೆ ಗಡಸು, ಅದರಾಚೆ ಬಹಳ ಗಡಸು ಎಂಬ ವಿಂಗಡಣೆ ಹೆಚ್ಚು ಬಳಕೆಯಲ್ಲಿದೆ. ಒಂದು ಮನೆಯ ನೀರಿನ ಗಡಸುತನ 300 ಎಂದುಕೊಳ್ಳೋಣ. ದಿನಕ್ಕೆ 500 ಲೀಟರ್ ನೀರು ಬಚ್ಚಲಿಗೆ ಹೋಗುತ್ತದೆ ಎಂದುಕೊಳ್ಳೋಣ. ಆಗ ಪ್ರತಿದಿನ 150 ಗ್ರಾಂ, ವರ್ಷಕ್ಕೆ ಸುಮಾರು 55 ಕಿಲೋ ಸುಣ್ಣದಷ್ಟು ಸರಕು ಆ ಮನೆಯ ಕೊಳವೆಗಳನ್ನು ಹಾದುಹೋಗುತ್ತದೆ. ನೂರಕ್ಕೆ ತೊಂಬತ್ತೊಂಬತ್ತು ಪಾಲು ಹಾಗೆಯೇ ಹರಿದುಹೋಗಿ, ಒಂದು ಪಾಲು ಮಾತ್ರ ಅಂಟಿಕೊಂಡರೂ ವರ್ಷಕ್ಕೆ ಅರ್ಧ ಕಿಲೋ ಆಯಿತು. ಅದೂ ಎಲ್ಲ ಕಡೆ ಸಮನಾಗಿ ಅಂಟುವುದಿಲ್ಲ. ಕೀಲು, ತಿರುವು, ಜಾಲರಿಯ ಅಡಿಭಾಗ, ಬಟ್ಟೆ ಒಗೆಯುವ ಯಂತ್ರ ನೀರು ಬಿಡುವ ಬಾಯಿ, ಇಳಿಜಾರು ತಪ್ಪಿ ಜೋತುಬಿದ್ದ ಕೊಳವೆಯ ತಗ್ಗು, ಇಂಥ ಕಡೆಗಳಲ್ಲಿ ಮೊದಲು ಹಿಡಿಯುತ್ತದೆ. ಒಮ್ಮೆ ಹಿಡಿದ ಮೇಲೆ ಆ ಒರಟು ಮೈಯೇ ಮುಂದಿನದನ್ನು ಹಿಡಿಯುತ್ತದೆ.

ಈಗ ಕಂದು ಗೆರೆ. ಸೋಪು ಎಂದರೆ ಕೊಬ್ಬಿನ ಆಮ್ಲದ ಸೋಡಿಯಂ ಲವಣ. ಸೋಡಿಯಂ ಇದ್ದರೆ ಅದು ನೀರಿನಲ್ಲಿ ಕರಗುತ್ತದೆ, ನೊರೆ ಕೊಡುತ್ತದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬಂದು ಸೋಡಿಯಂನ ಜಾಗ ಹಿಡಿಯುತ್ತದೆ. ಆಗ ಸಿಗುವುದು ನೀರಿನಲ್ಲಿ ಕರಗದ, ಅಂಟಂಟಾದ ಕ್ಯಾಲ್ಸಿಯಂ ಸೋಪು. ಬಕೆಟ್ಟಿನ ಅಂಚಿನಲ್ಲಿ ಉಳಿಯುವ ಕೊಳೆಯ ಗೆರೆಯಲ್ಲಿ ಹೆಚ್ಚಿನಂಶ ಇದೇ. ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಥಾಮಸ್ ಕ್ಲಾರ್ಕ್ 19ನೇ ಶತಮಾನದಲ್ಲಿ ಈ ತೊಂದರೆಯನ್ನೇ ಅಳತೆಗೋಲಾಗಿ ಮಾಡಿಕೊಂಡ. ನೊರೆ ನಿಲ್ಲುವುದಕ್ಕೆ ಎಷ್ಟು ಸೋಪಿನ ದ್ರಾವಣ ಬೇಕಾಯಿತು ಎಂಬುದರಿಂದ ನೀರಿನ ಗಡಸುತನವನ್ನು ಹೇಳುವ ವಿಧಾನ ಅವನದು. ಅಡುಗೆಮನೆಯ ಕೊಳವೆಯಲ್ಲಿ ಸೋಪಿನ ಜಾಗದಲ್ಲಿ ಎಣ್ಣೆ, ಜಿಡ್ಡು ಇರುತ್ತವೆ. ಜಿಡ್ಡು ಒಡೆದು ಬಿಡುಗಡೆಯಾದ ಕೊಬ್ಬಿನ ಆಮ್ಲ ಕ್ಯಾಲ್ಸಿಯಂ ಜೊತೆ ಸೇರಿದರೆ ಅಲ್ಲೂ ಇದೇ ಪದಾರ್ಥ. ಇದಕ್ಕೆ ಕೂದಲು, ನೂಲು, ಲೋಳೆ ಎಲ್ಲ ಸಿಕ್ಕಿಕೊಳ್ಳುತ್ತವೆ. ಮೇಲೆ ಮತ್ತೆ ಸುಣ್ಣ ಕೂರುತ್ತದೆ. ಕೈಗೆ ಬಂದ ತುಂಡಿನಲ್ಲಿ ನೀವು ನೋಡಿದ ಬಿಳಿ, ಕಂದು, ಬಿಳಿ ಇದೇ.

ಒಂದು ಸಣ್ಣ ಪರೀಕ್ಷೆ ತೋರಿಸುತ್ತೇನೆ. ಆ ಹೊದಿಕೆಯಿಂದ ಒಂದು ಚಕ್ಕೆ ಎಬ್ಬಿಸಿ ಗಾಜಿನ ಲೋಟದಲ್ಲಿ ಹಾಕಿದ್ದೇನೆ. ಈಗ ಬಿಳಿ ವಿನೆಗರ್ ಸುರಿಯುತ್ತೇನೆ. ನೋಡಿ, ಚಕ್ಕೆಯ ಅಂಚಿನಿಂದ ಗುಳ್ಳೆಗಳ ಸಾಲು ಏಳುತ್ತಿದೆ. ಅದು ಕಾರ್ಬೊನೇಟ್ ಕರಗುತ್ತಿರುವ ಗುರುತು. ಆದರೆ ಗುಳ್ಳೆ ಬರುತ್ತಿರುವುದು ಮುರಿದ ಅಂಚಿನಿಂದ ಮಾತ್ರ. ಮೇಲಿನ ಕಂದು ಮೈ ಸುಮ್ಮನಿದೆ. ಸ್ವಲ್ಪ ಹೊತ್ತಿನ ಮೇಲೆ ಬಿಳಿ ಭಾಗ ತೆಳುವಾಗಿ, ಕಂದು ಪದರ ಬಿಡಿಬಿಡಿಯಾಗಿ ತೇಲತೊಡಗುತ್ತದೆ. ಅದು ಕರಗುವುದಿಲ್ಲ. ಆಮ್ಲ ಅದರಲ್ಲಿನ ಕ್ಯಾಲ್ಸಿಯಂ ಅನ್ನು ಕಿತ್ತುಕೊಂಡರೂ ಕೊಬ್ಬಿನ ಆಮ್ಲ ಹಾಗೆಯೇ ಉಳಿಯುತ್ತದೆ. ನಿಮ್ಮ ಮನೆಯ ಕೊಳವೆಯಲ್ಲಿ ಕಟ್ಟಿರುವುದು ಏನು ಎಂದು ತಿಳಿಯಲು ಇದಕ್ಕಿಂತ ಸುಲಭವಾದ ದಾರಿ ನನಗೆ ಗೊತ್ತಿಲ್ಲ. ಜಾಲರಿ ಎತ್ತಿ, ಒಂದು ಚಕ್ಕೆ ಕೆರೆದು, ಲೋಟದಲ್ಲಿ ಹಾಕಿ. ರಭಸದಿಂದ ನೊರೆದು ಕರಗಿದರೆ ಸುಣ್ಣ. ಗುಳ್ಳೆಯೇ ಬಾರದಿದ್ದರೆ ಜಿಡ್ಡು, ಸೋಪು. ಎರಡೂ ಇದ್ದರೆ ಎರಡಕ್ಕೂ ಬೇರೆ ಬೇರೆ ಮದ್ದು ಬೇಕು, ಅದೂ ಸರಿಯಾದ ಸರದಿಯಲ್ಲಿ.

ನಾವು ಸಾಮಾನ್ಯವಾಗಿ ಏನು ಸುರಿಯುತ್ತೇವೆ? ಮೊದಲ ಸ್ಥಾನ ಕಾಸ್ಟಿಕ್ ಸೋಡಾದ್ದು. ಕೊಳವೆ ಬಿಡಿಸುವ ಪುಡಿಗಳಲ್ಲಿ ಬಹಳಷ್ಟು ಇದೇ. ಜಿಡ್ಡನ್ನೂ ಕೂದಲನ್ನೂ ಅದು ಒಡೆಯುತ್ತದೆ, ಸುಳ್ಳಲ್ಲ. ಸುಣ್ಣದ ಎದುರು ಮಾತ್ರ ಅದು ನಿಷ್ಪ್ರಯೋಜಕ. ಅಷ್ಟೇ ಆಗಿದ್ದರೆ ಬಿಡಿ ಎನ್ನಬಹುದಿತ್ತು. ಆದರೆ ಕ್ಷಾರ ಬೆರೆತರೆ ಗಡಸು ನೀರಿನಿಂದ ಸುಣ್ಣ ಬೇಗ ಹೊರಬೀಳುತ್ತದೆ ಎಂದು ಆಗಲೇ ಹೇಳಿದೆ. ಕಾಸ್ಟಿಕ್ ಸುರಿದು ಗಡಸು ನೀರು ಬಿಟ್ಟಾಗ ಆಗುವುದು ಅದೇ. ವಾಷಿಂಗ್ ಸೋಡಾ ಇನ್ನೂ ನೇರ. ಅದು ಸೋಡಿಯಂ ಕಾರ್ಬೊನೇಟ್. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಜೊತೆ ಕೂಡಿ ಅಲ್ಲಿಯೇ ಸುಣ್ಣವನ್ನು ತಯಾರಿಸುತ್ತದೆ. ಬಟ್ಟೆಯ ಬಕೆಟ್ಟಿನಲ್ಲಿ ಇದು ಉಪಕಾರ, ಕೊಳವೆಯಲ್ಲಿ ಅಪಕಾರ.

ಇನ್ನು ಎಲ್ಲರ ಮೊಬೈಲಿಗೂ ಒಮ್ಮೆಯಾದರೂ ಬಂದಿರುವ ಸಲಹೆ: ಕೊಳವೆಗೆ ಅಡುಗೆ ಸೋಡಾ ಹಾಕಿ, ಮೇಲೆ ವಿನೆಗರ್ ಸುರಿಯಿರಿ. ಬುಸ್ಸೆಂದು ನೊರೆ ಉಕ್ಕುತ್ತದೆ, ನೋಡುವುದಕ್ಕೆ ಚೆನ್ನಾಗಿರುತ್ತದೆ. ಆದರೆ ಆ ನೊರೆ ಏನು? ಸುಣ್ಣವನ್ನು ಕರಗಿಸಬೇಕಾಗಿದ್ದ ಆಮ್ಲವನ್ನು ಸೋಡಾ ನುಂಗಿಹಾಕುತ್ತಿರುವ ಸದ್ದು. ಇಬ್ಬರೂ ಕಾದಾಡಿ ಮುಗಿದ ಮೇಲೆ ಉಳಿಯುವುದು ಸೋಡಿಯಂ ಅಸಿಟೇಟ್ ಬೆರೆತ ನೀರು. ಅದು ಸುಣ್ಣವನ್ನೂ ಮುಟ್ಟುವುದಿಲ್ಲ, ಜಿಡ್ಡನ್ನೂ ಮುಟ್ಟುವುದಿಲ್ಲ. ಗುಳ್ಳೆಗಳ ರಭಸಕ್ಕೆ ಒಂದಿಷ್ಟು ಸಡಿಲ ಕಸ ಅಲ್ಲಾಡಬಹುದು. ವಿನೆಗರ್ ಮಾತ್ರ ಸುರಿದಿದ್ದರೆ ಇದಕ್ಕಿಂತ ಲಾಭವಿತ್ತು.

ಹಾಗಾದರೆ ವಿನೆಗರ್ ಮಾತ್ರ ಸುರಿದರೆ ಸಾಕೇ? ಇಲ್ಲಿ ಆ ಲೆಕ್ಕ ಬರುತ್ತದೆ. 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಿಸುವುದಕ್ಕೆ 120 ಗ್ರಾಂ ಅಸಿಟಿಕ್ ಆಮ್ಲ ಬೇಕು. ವಿನೆಗರ್‌ನಲ್ಲಿ ಅದು ನೂರಕ್ಕೆ 5ರಷ್ಟಿದ್ದರೆ, 100 ಗ್ರಾಂ ಸುಣ್ಣಕ್ಕೆ 2.4 ಲೀಟರ್ ವಿನೆಗರ್ ಖರ್ಚು. ಈಗ ನಿಮ್ಮ ಕೈಯಲ್ಲಿರುವ ಕೊಳವೆಗೆ ಬನ್ನಿ. 40 ಮಿಲಿಮೀಟರ್ ಕೊಳವೆಗೆ ಸುತ್ತಲೂ 3 ಮಿಲಿಮೀಟರ್ ಹೊದಿಕೆ. ಒಂದು ಮೀಟರ್ ಉದ್ದಕ್ಕೆ ಅದರ ಗಾತ್ರ ಸುಮಾರು 350 ಘನ ಸೆಂಟಿಮೀಟರ್. ಅಪ್ಪಟ ಕ್ಯಾಲ್ಸೈಟಿನ, ಅಂದರೆ ಹರಳುಗಟ್ಟಿದ ಕ್ಯಾಲ್ಸಿಯಂ ಕಾರ್ಬೊನೇಟಿನ, ಸಾಂದ್ರತೆ ಘನ ಸೆಂಟಿಮೀಟರಿಗೆ 2.7 ಗ್ರಾಂ. ನಮ್ಮದು ರಂಧ್ರಗಳಿರುವ, ಕಲಬೆರಕೆಯ ಹೊದಿಕೆ; 2 ಎಂದು ಹಿಡಿದರೂ ಒಂದು ಮೀಟರಿಗೆ 700 ಗ್ರಾಂ ಆಯಿತು. ಅದನ್ನೆಲ್ಲ ಕರಗಿಸಲು ಬೇಕಾಗುವ ವಿನೆಗರ್ 17 ಲೀಟರಿನ ಹತ್ತಿರ. ಒಂದು ಮೀಟರಿಗೆ! ಒಂದು ಲೋಟ ವಿನೆಗರ್ ಸುರಿದು ಅರ್ಧ ಗಂಟೆ ಕಾಯುವ ಸಲಹೆಯ ಬೆಲೆ ಈಗ ತಿಳಿಯಿತಲ್ಲವೇ.

ಇದೂ ಆಮ್ಲದ ಪ್ರತಿ ಹನಿಯೂ ಸುಣ್ಣವನ್ನು ಮುಟ್ಟಿದರೆ ಎಂಬ ಲೆಕ್ಕ. ನಿಜದಲ್ಲಿ ಸುರಿದದ್ದು ಕೊಳವೆಯ ತಳ ಹಿಡಿದು ಜಾರಿಹೋಗುತ್ತದೆ. ಅಕ್ಕಪಕ್ಕದ ಗೋಡೆ, ಮೇಲಿನ ಭಾಗ ಒದ್ದೆಯಾಗುವುದೂ ಇಲ್ಲ. ಟ್ರ್ಯಾಪಿನಲ್ಲಿ, ಅಂದರೆ ವಾಸನೆ ಮೇಲೆ ಬಾರದಂತೆ ನೀರು ಹಿಡಿದಿಡುವ ಬಾಗಿದ ಭಾಗದಲ್ಲಿ, ಸದಾ ನಿಂತಿರುವ ನೀರು ಆಮ್ಲವನ್ನು ತೆಳುವಾಗಿಸುತ್ತದೆ. ಟ್ರ್ಯಾಪ್ ದಾಟಿದ ಪಾಲು ನಿಲ್ಲುವುದಿಲ್ಲ. ಅದಕ್ಕೇ ಸುರಿಯುವ ಅಭ್ಯಾಸವನ್ನು ಬಿಟ್ಟು ನೆನೆಸುವ ಅಭ್ಯಾಸ ಮಾಡಿಕೊಳ್ಳಿ ಎನ್ನುತ್ತೇನೆ. ಆಮ್ಲ ಸುಣ್ಣದ ಮೇಲೆ ನಿಲ್ಲುವಂತೆ ಮಾಡಬಲ್ಲ ಕಡೆ ಆಮ್ಲ. ನಿಲ್ಲಿಸಲಾಗದ ಕಡೆ ಸ್ಪ್ರಿಂಗು, ಸರಪಳಿಯ ಯಂತ್ರ.

ಬೇಸಿನ್ ಮತ್ತು ಸಿಂಕುಗಳ ಕೆಳಗಿನ ಟ್ರ್ಯಾಪ್ ಕೈಯಿಂದಲೇ ಬಿಚ್ಚುವಂಥದ್ದು. ಕೆಳಗೆ ಬಕೆಟ್ ಇಡಿ, ಎರಡು ಕಡೆಯ ನಟ್ ಸಡಿಲಿಸಿ. ವಾಷರುಗಳು ಯಾವುದು ಎಲ್ಲಿತ್ತು ಎಂದು ಒಂದು ಚಿತ್ರ ತೆಗೆದುಕೊಳ್ಳಿ. ಮತ್ತೆ ಜೋಡಿಸುವಾಗ ಗೊಂದಲವಾಗುವುದು ಅಲ್ಲಿಯೇ. ಬಿಚ್ಚಿದ ಭಾಗಗಳನ್ನು ಮೊದಲು ಪಾತ್ರೆ ತೊಳೆಯುವ ದ್ರಾವಣ ಮತ್ತು ಬೆಚ್ಚನೆಯ ನೀರಿನಲ್ಲಿ ಉಜ್ಜಿ ಜಿಡ್ಡು ತೆಗೆಯಿರಿ. ಈ ಹೆಜ್ಜೆಯನ್ನು ಬಿಟ್ಟರೆ ಮುಂದಿನದು ದಂಡ. ಲೋಟದಲ್ಲಿ ನೋಡಿದಿರಲ್ಲ, ಕಂದು ಮೈ ಇರುವವರೆಗೆ ಆಮ್ಲ ಒಳಗೆ ಹೋಗುವುದಿಲ್ಲ. ಆಮೇಲೆ ಒಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಲೀಟರ್ ನೀರಿಗೆ 100 ಗ್ರಾಂ ಸಿಟ್ರಿಕ್ ಆಮ್ಲದ ಪುಡಿ ಕರಗಿಸಿ, ಭಾಗಗಳು ಮುಳುಗುವಂತೆ ರಾತ್ರಿಯಿಡೀ ಬಿಡಿ. ಗುಳ್ಳೆ ನಿಂತ ಮೇಲೂ ಸುಣ್ಣ ಉಳಿದಿದ್ದರೆ ಆಮ್ಲ ತೀರಿದೆ ಎಂದರ್ಥ. ಹೊಸ ದ್ರಾವಣ ಹಾಕಿ. ನೀರು ಬೆಚ್ಚಗಿದ್ದರೆ ಸಾಕು, ಕುದಿಯುವ ನೀರು ಬೇಡ. ಸಿಟ್ರಿಕ್ ಆಮ್ಲ ಮತ್ತು ಸುಣ್ಣ ಸೇರಿ ಆಗುವ ಕ್ಯಾಲ್ಸಿಯಂ ಸಿಟ್ರೇಟ್ ಬಿಸಿ ಹೆಚ್ಚಾದಷ್ಟೂ ಕಡಿಮೆ ಕರಗುತ್ತದೆ. ಕುದಿಸಿದರೆ ಒಂದು ಬಿಳಿ ಹೊದಿಕೆಯ ಬದಲಿಗೆ ಇನ್ನೊಂದು ಬಿಳಿ ಹೊದಿಕೆ ಸಿಕ್ಕೀತು.

ಸಿಟ್ರಿಕ್ ಆಮ್ಲಕ್ಕಿಂತ ಬಲವಾದದ್ದು ಬೇಕಾದರೆ ಸಲ್ಫಾಮಿಕ್ ಆಮ್ಲ. ಪುಡಿಯಾಗಿ ಸಿಗುತ್ತದೆ, ಹೊಗೆ ಬಿಡುವುದಿಲ್ಲ, ಅದರ ಕ್ಯಾಲ್ಸಿಯಂ ಲವಣ ನೀರಿನಲ್ಲಿ ಚೆನ್ನಾಗಿ ಕರಗಿಹೋಗುತ್ತದೆ. ಸುಣ್ಣ ತೆಗೆಯುವ ಉತ್ಪನ್ನಗಳ ಡಬ್ಬಿಯ ಮೇಲೆ ಈ ಹೆಸರು ಹುಡುಕಿ. ಹೈಡ್ರೋಕ್ಲೋರಿಕ್ ಆಮ್ಲ ಎಲ್ಲಕ್ಕಿಂತ ವೇಗ, ಆದರೆ ಅದರ ಹೊಗೆ ಕಣ್ಣು, ಗಂಟಲು, ನಲ್ಲಿಯ ಲೋಹ ಯಾವುದನ್ನೂ ಬಿಡುವುದಿಲ್ಲ. ಸ್ಟೀಲಿನ ಸಿಂಕಿನಲ್ಲೂ ಸಣ್ಣ ಗುಳಿಗಳನ್ನು ಕೊರೆಯುತ್ತದೆ. ಮನೆಯವರ ಕೈಗೆ ಅದು ಬೇಡ ಎನ್ನುವುದು ನನ್ನ ಅಭಿಪ್ರಾಯ. ಗಂಧಕಾಮ್ಲವಂತೂ ಇಲ್ಲಿ ಶುದ್ಧ ತಪ್ಪು ಆಯ್ಕೆ. ಅದು ಸುಣ್ಣದೊಡನೆ ಸೇರಿ ಬಹುಮಟ್ಟಿಗೆ ಕರಗದ ಕ್ಯಾಲ್ಸಿಯಂ ಸಲ್ಫೇಟ್ ಆಗುತ್ತದೆ, ಆ ಪದರವೇ ಒಳಗಿನ ಸುಣ್ಣಕ್ಕೆ ರಕ್ಷೆಯಾಗಿ ನಿಲ್ಲುತ್ತದೆ. ಅಪಾಯವೂ ಉಂಟು, ಪ್ರಯೋಜನವೂ ಇಲ್ಲ.

ಬಚ್ಚಲ ನೆಲದ ಜಾಲರಿಯನ್ನು ಎತ್ತಿ ಬಕೆಟ್ಟಿನಲ್ಲಿ ನೆನೆಹಾಕಬಹುದು. ಕೆಳಗೆ ನೆಲದಲ್ಲಿ ಹುದುಗಿರುವ ನಹಾನಿ ಟ್ರ್ಯಾಪನ್ನು ಬಿಚ್ಚಲಾಗುವುದಿಲ್ಲ. ಅದರಲ್ಲಿನ ನೀರನ್ನು ಮೊದಲು ಬಟ್ಟಲಿನಿಂದ ತೋಡಿ ತೆಗೆಯಿರಿ, ಆಮೇಲೆ ಸಿಟ್ರಿಕ್ ದ್ರಾವಣವನ್ನು ಟ್ರ್ಯಾಪ್ ತುಂಬುವಷ್ಟೇ ಹಾಕಿ, ರಾತ್ರಿ ಯಾರೂ ನೀರು ಬಿಡದ ಹೊತ್ತಿನಲ್ಲಿ ನಿಲ್ಲಿಸಿ. ಗೋಡೆಯ ಅಂಚಿನಲ್ಲಿ, ನೀರಿನ ಮಟ್ಟದ ಮೇಲೆ ಕಟ್ಟಿದ ಸುಣ್ಣಕ್ಕೆ ದ್ರಾವಣದಲ್ಲಿ ಅದ್ದಿದ ಹಳೆಯ ಬಟ್ಟೆಯನ್ನು ಒತ್ತಿಟ್ಟರೆ ಸಾಕು. ನೆಲಕ್ಕೆ ಅಮೃತಶಿಲೆ ಹಾಸಿದ್ದರೆ ಮಾತ್ರ ಎಚ್ಚರ! ಅಮೃತಶಿಲೆಯೂ ಕ್ಯಾಲ್ಸಿಯಂ ಕಾರ್ಬೊನೇಟೇ. ಯಾವುದು ಕೊಳೆ, ಯಾವುದು ನೆಲ ಎಂಬ ಭೇದ ಆಮ್ಲಕ್ಕೆ ತಿಳಿಯದು. ಟೈಲುಗಳ ನಡುವಿನ ಸಿಮೆಂಟನ್ನೂ ಅದು ತಿನ್ನುತ್ತದೆ.

ಗೋಡೆಯೊಳಗಿನ ಉದ್ದ ಕೊಳವೆಯನ್ನು ನೆನೆಸಬೇಕಾದರೆ ಪ್ಲಂಬರುಗಳು ಕೆಳತುದಿಗೆ ಉಬ್ಬುವ ರಬ್ಬರ್ ಬಿರಡೆ ಹಾಕಿ, ಕೊಳವೆ ಪೂರ್ತಿ ತುಂಬುವಂತೆ ದ್ರಾವಣ ನಿಲ್ಲಿಸುತ್ತಾರೆ. ಮೇಲಿನ ಬಾಯಿ ತೆರೆದೇ ಇರಬೇಕು. 100 ಗ್ರಾಂ ಸುಣ್ಣ ಕರಗಿದರೆ 24 ಲೀಟರಿನಷ್ಟು ಅನಿಲ ಹೊರಬರುತ್ತದೆ. ಎರಡೂ ಕಡೆ ಮುಚ್ಚಿದರೆ ಅದು ಕೀಲನ್ನು ಬಿಚ್ಚಿಕೊಂಡು, ಇಲ್ಲವೇ ಆಮ್ಲವನ್ನು ಮುಖಕ್ಕೆ ಎರಚಿಕೊಂಡು ದಾರಿ ಮಾಡಿಕೊಳ್ಳುತ್ತದೆ.

ಸುರಕ್ಷತೆಯ ಬಗ್ಗೆ ಉದ್ದ ಭಾಷಣ ಮಾಡುವುದಿಲ್ಲ. ಕೈಗವಸು, ಕನ್ನಡಕ ಹಾಕಿಕೊಳ್ಳಿ, ಕಿಟಕಿ ತೆರೆದಿಡಿ, ನೀರಿಗೆ ಆಮ್ಲ ಸೇರಿಸಿ, ಆಮ್ಲಕ್ಕೆ ನೀರು ಸುರಿಯಬೇಡಿ. ಒಂದನ್ನು ಮಾತ್ರ ಒತ್ತಿ ಹೇಳಬೇಕು. ಬ್ಲೀಚ್ ಹಾಕಿದ ಕೊಳವೆಗೆ ಯಾವ ಆಮ್ಲವನ್ನೂ, ವಿನೆಗರನ್ನೂ ಕೂಡ, ಹಾಕಬೇಡಿ. ಅಲ್ಲಿ ಹುಟ್ಟುವುದು ಕ್ಲೋರಿನ್, ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಬೆಲ್ಜಿಯಂನ ಈಪ್ರ ಯುದ್ಧಭೂಮಿಯಲ್ಲಿ ಸೈನಿಕರ ಮೇಲೆ ಬಿಟ್ಟ ಅದೇ ಅನಿಲ. ಸಣ್ಣ ಸ್ನಾನದ ಮನೆಯ ಬಾಗಿಲು ಮುಚ್ಚಿದ್ದರೆ ಸ್ವಲ್ಪವೇ ಸಾಕು. ಕಾಸ್ಟಿಕ್ ಹಾಕಿದ ಕೊಳವೆಗೂ ಅದೇ ದಿನ ಆಮ್ಲ ಬೇಡ. ಎರಡೂ ಸೇರಿ ಕುದಿದು ಮೇಲಕ್ಕೆ ಚಿಮ್ಮುತ್ತವೆ. ಪಿವಿಸಿ ಕೊಳವೆಗೆ ಕುದಿಯುವ ನೀರನ್ನೂ ಸುರಿಯಬಾರದು. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಮೆತ್ತಗಾಗತೊಡಗುತ್ತದೆ, ಜೋತುಬೀಳುತ್ತದೆ. ಜೋತುಬಿದ್ದ ಜಾಗದಲ್ಲಿ ನೀರು ನಿಲ್ಲುತ್ತದೆ, ಮತ್ತೆ ಸುಣ್ಣ.

ಆಮ್ಲ ತಲುಪದ ಕಡೆಗೆ ಯಂತ್ರವೇ ಗತಿ. ತಿರುಗುವ ಸ್ಪ್ರಿಂಗು ಕೂದಲು, ಜಿಡ್ಡಿಗೆ ಸರಿ. ಗಟ್ಟಿ ಸುಣ್ಣದಲ್ಲಿ ಅದು ನಡುವೆ ಒಂದು ತೂತು ಕೊರೆದು ಹೊರಬರುತ್ತದೆ. ನೀರು ಹರಿಯುವುದನ್ನು ಕಂಡು ಎಲ್ಲರಿಗೂ ಸಮಾಧಾನವಾಗುತ್ತದೆ, ಒರಟು ಗೋಡೆ ಹಾಗೆಯೇ ಇರುತ್ತದೆ, ಸ್ವಲ್ಪ ದಿನದಲ್ಲೇ ಮತ್ತೆ ಕರೆ. ಗೋಡೆಯವರೆಗೆ ಸುಣ್ಣ ಬಿಡಿಸಬೇಕಾದರೆ ತುದಿಯಲ್ಲಿ ಸಣ್ಣ ಸರಪಳಿಗಳಿರುವ, ವೇಗವಾಗಿ ತಿರುಗುತ್ತಾ ಗೋಡೆಗೆ ಬಡಿಯುವ ಸಾಧನ ಬೇಕು, ಇಲ್ಲವೇ ಹೆಚ್ಚು ಒತ್ತಡದ ನೀರಿನ ಜೆಟ್. ಕೊಳವೆ ಹಳೆಯ ಬೀಡುಕಬ್ಬಿಣದ್ದಾಗಿದ್ದರೆ ಮೊದಲು ಕ್ಯಾಮೆರಾ ಇಳಿಸಿ ನೋಡಿಸುವುದು ಒಳ್ಳೆಯದು. ಕೆಲವೊಮ್ಮೆ ಆ ಹೊದಿಕೆಯೇ ತುಕ್ಕು ತಿಂದ ಗೋಡೆಯನ್ನು ಹಿಡಿದು ನಿಲ್ಲಿಸಿರುತ್ತದೆ. ಬಿಡಿಸಿದ ಚಕ್ಕೆಗಳು ಎಲ್ಲಿಗೆ ಹೋದವು ಎಂದು ಕೇಳುವುದನ್ನೂ ಮರೆಯಬೇಡಿ. ಮುಂದಿನ ತಿರುವಿನಲ್ಲಿ ಅವು ರಾಶಿ ಬಿದ್ದರೆ ಮೊದಲಿಗಿಂತ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ.

ಇಲ್ಲೊಂದು ಅಡ್ಡಮಾತು. ಹೊಸದಾಗಿ ಟೈಲ್ಸ್ ಹಾಕಿಸಿದ ಮನೆಯಲ್ಲಿ ಕೊಳವೆ ಬೇಗ ಕಟ್ಟಿದರೆ ಗಡಸು ನೀರನ್ನು ದೂರುವ ಮೊದಲು ಸಿಮೆಂಟನ್ನು ಅನುಮಾನಿಸಿ. ಕೆಲಸದವರು ಬಾಂಡಲಿ ತೊಳೆದ ನೀರನ್ನು ಹತ್ತಿರದ ಬಚ್ಚಲಿಗೇ ಚೆಲ್ಲುವುದು ಎಲ್ಲೆಡೆ ನಡೆಯುವ ಸಂಗತಿ. ಸಿಮೆಂಟಿನ ಚಕ್ಕೆ ವಿನೆಗರ್‌ನಲ್ಲಿ ಅಷ್ಟಿಷ್ಟು ಗುಳ್ಳೆ ಬಿಡುವುದರಿಂದ ಮೋಸಹೋಗುವುದು ಸುಲಭ. ಲೋಟದ ತಳದಲ್ಲಿ ಮರಳು ಉಳಿದಿದೆಯೇ ನೋಡಿ. ಉಳಿದಿದ್ದರೆ ಆಮ್ಲಕ್ಕೆ ಹಣ ಹಾಕಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ನೀರು ಅದೇ ನೀರು. ಮತ್ತೆ ಕಟ್ಟುವುದನ್ನು ನಿಧಾನಗೊಳಿಸಬಹುದು, ಅದಕ್ಕೆ ದೊಡ್ಡ ಖರ್ಚೂ ಬೇಡ. ನನ್ನ ಮಟ್ಟಿಗೆ ಅತ್ಯಂತ ಲಾಭದ ಕ್ರಮವೆಂದರೆ ಸೋಪಿನ ಬಿಲ್ಲೆಯ ಜಾಗಕ್ಕೆ ಸೋಪಲ್ಲದ ದ್ರವ ಮಾರ್ಜಕ ತರುವುದು. ಡಿಟರ್ಜೆಂಟ್ ಜಾತಿಯ ಮಾರ್ಜಕಗಳು ಕ್ಯಾಲ್ಸಿಯಂ ಜೊತೆ ಸೇರಿ ಅಂಟುವ ಪದಾರ್ಥವಾಗುವುದಿಲ್ಲ. ಕಂದು ಗೆರೆ ನಿಂತರೆ ಬಿಳಿ ಗೆರೆಗೆ ಅರ್ಧ ಆಸರೆ ತಪ್ಪಿದಂತೆ. ಎಣ್ಣೆಯ ಪಾತ್ರೆಯನ್ನು ತೊಳೆಯುವ ಮೊದಲು ಕಾಗದದಿಂದ ಒರೆಸಿ. ತೊಟ್ಟಿಕ್ಕುವ ನಲ್ಲಿಯನ್ನು ಅಂದೇ ಸರಿಮಾಡಿಸಿ. ತುಂಬಿ ಹರಿಯುವ ನೀರಿಗಿಂತ, ತೆಳುವಾಗಿ ಜಿನುಗಿ ಆರುವ ನೀರು ಹೆಚ್ಚು ಸುಣ್ಣ ಬಿಡುತ್ತದೆ. ಕುಡಿಯುವ ನೀರಿನ ಆರ್‌ಒ ಯಂತ್ರದಿಂದ ಹೊರಹೋಗುವ ನೀರು ಒಳಬಂದದ್ದಕ್ಕಿಂತ ಗಡಸು. ಅದರ ಸಣ್ಣ ಕೊಳವೆ ಸಿಂಕಿಗೆ ಸೇರುವ ಜಾಗವನ್ನು ಆಗಾಗ ನೋಡುತ್ತಿರಿ.

ಇಡೀ ಮನೆಗೆ ನೀರು ಮೆದುಗೊಳಿಸುವ ಯಂತ್ರ ಕೂರಿಸುವುದು ಖಚಿತವಾದ ಪರಿಹಾರ. ಅದರೊಳಗಿನ ರಾಳದ ಮಣಿಗಳು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ಮಣಿಗಳು ತುಂಬಿದಾಗ ಉಪ್ಪುನೀರಿನಿಂದ ತೊಳೆಯಬೇಕು, ಆಗ ಹಿಡಿದಿದ್ದ ಕ್ಯಾಲ್ಸಿಯಂ ಎಲ್ಲ ಒಟ್ಟಿಗೆ ಹೊರಬರುತ್ತದೆ. ಆ ನೀರು ತಾನಾಗಿ ಸುಣ್ಣ ಕಟ್ಟುವುದಿಲ್ಲ. ಆದರೆ ಬಟ್ಟೆಯ ಸೋಡಾ ನೀರು ಅದೇ ಕೊಳವೆಯಲ್ಲಿ ಎದುರಾದರೆ ಅಲ್ಲಿಯೇ ಕಟ್ಟುತ್ತದೆ. ಎರಡನ್ನೂ ಬೇರೆ ಬೇರೆ ಕೊಳವೆಗೆ, ಆಗದಿದ್ದರೆ ಬೇರೆ ಬೇರೆ ಹೊತ್ತಿಗೆ ಬಿಡಿ.

ಪ್ರಶ್ನೆಗಳು

ಕೊಳವೆಗೆ ಅಯಸ್ಕಾಂತ ಕಟ್ಟಿದರೆ ಸುಣ್ಣ ಕಟ್ಟುವುದಿಲ್ಲವಂತೆ, ನಿಜವೇ?

ಅಯಸ್ಕಾಂತ ನೀರಿನಿಂದ ಕ್ಯಾಲ್ಸಿಯಂ ಅನ್ನು ತೆಗೆಯುವುದಿಲ್ಲ, ಇದು ಖಚಿತ. ಸುಣ್ಣದ ಹರಳುಗಳ ಆಕಾರ ಬದಲಾಗಿ ಅವು ಅಂಟುವುದು ಕಡಿಮೆಯಾಗುತ್ತದೆ ಎಂದು ಮಾರುವವರು ಹೇಳುತ್ತಾರೆ. ನಡೆದಿರುವ ಪ್ರಯೋಗಗಳ ಫಲಿತಾಂಶ ಒಂದೊಂದು ಒಂದೊಂದು ತೆರ. ಸೋಪಿನ ಕೊಳೆಗಂತೂ ಅದರಿಂದ ಏನೂ ಆಗದು, ಕ್ಯಾಲ್ಸಿಯಂ ಅಲ್ಲೇ ಇದೆಯಲ್ಲ. ನಾನಂತೂ ಹಣ ಹಾಕುವುದಿಲ್ಲ.

ಶೌಚಾಲಯದ ಕೊಳವೆಯಲ್ಲಿ ಹಳದಿ ಬಣ್ಣದ ಗಟ್ಟಿ ಪದರ ಬರುತ್ತದೆ. ಅದೂ ಇದೇನಾ?

ಅದರ ಸೋದರ. ಮೂತ್ರದಲ್ಲಿನ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಹುಟ್ಟಿ ಕ್ಷಾರ ಹೆಚ್ಚುತ್ತದೆ. ಆಗ ಕ್ಯಾಲ್ಸಿಯಂ ಫಾಸ್ಫೇಟ್, ಮೆಗ್ನೀಸಿಯಮ್ ಅಮೋನಿಯಂ ಫಾಸ್ಫೇಟ್ ಎಲ್ಲ ಹೊರಬೀಳುತ್ತವೆ. ಎರಡನೆಯದಕ್ಕೆ ಸ್ಟ್ರೂವೈಟ್ ಎಂದು ಹೆಸರು. ಇವು ವಿನೆಗರ್‌ನಲ್ಲಿ ಅಷ್ಟಾಗಿ ನೊರೆಯುವುದಿಲ್ಲ, ಆದರೆ ಆಮ್ಲಕ್ಕೆ ಕರಗುತ್ತವೆ. ಸಿಟ್ರಿಕ್ ಅಥವಾ ಸಲ್ಫಾಮಿಕ್ ದ್ರಾವಣ ರಾತ್ರಿ ನಿಲ್ಲಿಸಿ. ಅದಕ್ಕೂ ಮೊದಲು ಯಾರಾದರೂ ಬ್ಲೀಚ್ ಹಾಕಿದ್ದಾರೆಯೇ ಎಂದು ಮನೆಯಲ್ಲಿ ಎಲ್ಲರನ್ನೂ ಕೇಳಿ.

ಇಷ್ಟು ಸುಣ್ಣವಿರುವ ನೀರನ್ನು ಕುಡಿಯಬಹುದೇ?

ಗಡಸುತನದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯ ದೃಷ್ಟಿಯ ಮಿತಿಯೊಂದನ್ನು ಹಾಕಿಲ್ಲ. ಕೊಳವೆಗೆ ಕೆಟ್ಟದ್ದು ಹೊಟ್ಟೆಗೂ ಕೆಟ್ಟದ್ದಾಗಬೇಕೆಂದೇನಿಲ್ಲ. ನೀರಿನಲ್ಲಿ ಬೇರೆ ಏನಿದೆ ಎಂಬುದನ್ನು ಪ್ರಯೋಗಾಲಯವೇ ಹೇಳಬೇಕು.

ಪ್ಲಂಬರನ್ನು ಯಾವಾಗ ಕರೆಯಬೇಕು?

ಒಂದೇ ಬೇಸಿನ್ ನಿಧಾನವಾದರೆ ಟ್ರ್ಯಾಪ್ ಬಿಚ್ಚಿ ನೀವೇ ನೋಡಬಹುದು. ಒಂದು ಕಡೆ ನೀರು ಬಿಟ್ಟಾಗ ಇನ್ನೊಂದು ಕಡೆ ಗುಳುಗುಳು ಎಂದರೆ, ಅಥವಾ ಎರಡು ಮೂರು ಕಡೆ ಒಟ್ಟಿಗೆ ನೀರು ನಿಂತರೆ, ತೊಂದರೆ ಮುಂದಿನ ದೊಡ್ಡ ಕೊಳವೆಯಲ್ಲಿದೆ. ಆಗ ಕರೆಯಿರಿ. ಅವರು ಬರುವ ಮೊದಲು ಏನೂ ಸುರಿಯಬೇಡಿ. ಸುರಿದಿದ್ದರೆ ಏನು, ಎಷ್ಟು, ಯಾವಾಗ ಎಂದು ಅವರು ನಟ್ ಸಡಿಲಿಸುವ ಮೊದಲೇ ಹೇಳಿಬಿಡಿ. ಆ ನೀರು ಮೊದಲು ಬೀಳುವುದು ಅವರ ಕೈಯ ಮೇಲೆ.